ಗಂಜಿಯ ಕಿವಿ

ಅಂಗಡಿಯ ಹಿಂದಿನ ಕೋಣೆಯಿಂದ,
ಹತ್ತೊಂಬತ್ತನೇ ತಾರೀಕು, ಗುರುವಾರ, ಬೆಳಗಿನ ಮೊದಲ ಒಗೆತ ಮುಗಿದ ಮೇಲೆ

ಪ್ರೀತಿಯ ಮೈದುನನಿಗೆ,

ಪ್ರೀತಿಯ ಎಂದು ರೂಢಿಗೆ ಬರೆದಿದ್ದೇನೆ, ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡ. ನಿನ್ನ ಆರೋಗ್ಯ ಹೇಗಿದೆ? ಹಡಗು ಹತ್ತಿದವರಿಗೆ ಮೊದಲ ಆರು ತಿಂಗಳು ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೇಳಿದರು. ತೊಳಸಲಿ ಎಂದು ನಾನು ಬೇಡಿಕೊಂಡಿಲ್ಲ, ತೊಳಸದಿರಲಿ ಎಂದೂ ಬೇಡಿಕೊಂಡಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒದ್ದೆ ಕಾಲಲ್ಲಿ ನಿಲ್ಲಬೇಡ, ಒಗೆಯುವವರಿಗೆ ಮೊದಲು ಕೊಳೆಯುವುದು ಕಾಲ್ಬೆರಳ ಸಂದು ಎಂದು ನಿನ್ನ ತಾಯಿ ಹೇಳುತ್ತಿದ್ದರು. ಅತ್ತೆಯ ಮಾತಾದ್ದರಿಂದ ಬರೆದೆ, ನನ್ನ ಕಾಳಜಿ ಎಂದು ಎಣಿಸಬೇಡ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಮುಂದಿನ ಸಾಲು ಬರೆಯಬೇಕಿತ್ತು. ಬರೆಯಲು ಬರುತ್ತಿಲ್ಲ, ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಐದು ತಿಂಗಳಲ್ಲಿ ಬಂದ ಒಂದೇ ಒಂದು ಪತ್ರ. ಅದರಲ್ಲಿ ಒಂದು ಪುಟ ಪೂರ್ತಿ ನಿನ್ನ ನಾಯಿ ಗಂಜಿಗೆ. ಹಡಗು ಈ ತಿಂಗಳ ಇಪ್ಪತ್ತೆಂಟಕ್ಕೆ ನಮ್ಮ ಕಡೆಯ ಬಂದರಿಗೆ ಬರುತ್ತದೆ, ಎರಡು ದಿನ ನಿಲ್ಲುತ್ತದೆ ಎಂದು ಒಂದು ಸಾಲು. ಬರುತ್ತೇನೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಇಲ್ಲ. ಅಣ್ಣನ ಹೆಸರಿಗೆ ಏನೂ ಇಲ್ಲ. ಕೊನೆಯಲ್ಲಿ ನನಗೆಂದು ಎರಡು ಸಾಲು, ಅವು ಈಗ ನನಗೆ ಬಾಯಿಪಾಠ. "ಅತ್ತಿಗೆ, ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೇ ತೀರಿಸ್ಕೊಳ್ಳಿ. ಬಾಯಿಲ್ಲದ ಪ್ರಾಣಿ ಕಿವಿ ಕೊಳೆಯೋ ತನಕ ಸುಮ್ನೆ ನೋಡ್ತಾ ಕೂರಬೇಡಿ." ಇದನ್ನು ನಿನ್ನ ಕಿವಿಗೆ ಊದಿದವನು ಪಕ್ಕದಂಗಡಿಯ ದರ್ಜಿ ಎಂದು ನನಗೆ ಗೊತ್ತು. ಅವನ ನಾಲಿಗೆಯಷ್ಟು ಹರಿತ ಅವನ ಕತ್ತರಿಗಿದ್ದಿದ್ದರೆ ಊರಿನ ಪ್ಯಾಂಟುಗಳು ಇಷ್ಟು ಡೊಂಕಾಗಿರುತ್ತಿರಲಿಲ್ಲ. ಹೇಳುವವನು ಹೇಳಿದ, ಕೇಳುವವನಿಗೆ ಬುದ್ಧಿ ಬೇಡವೇ? ಏಳು ವರ್ಷ ಒಂದೇ ತೊಟ್ಟಿಯ ಎರಡು ಬದಿ ನಿಂತು ಬಟ್ಟೆ ಹಿಂಡಿದ್ದೇವೆ ನಾವಿಬ್ಬರೂ. ನಾನು ಸಿಟ್ಟು ಬಂದರೆ ಬಾಯಿ ಬಿಟ್ಟು ಬೈಯುವವಳು, ನಾಯಿಯ ಮೇಲೆ ತೀರಿಸಿಕೊಳ್ಳುವವಳಲ್ಲ. ಅಷ್ಟೂ ನಿನಗೆ ತಿಳಿಯಲಿಲ್ಲವಲ್ಲ, ಅದೇ ನನಗೆ ಎದೆಯಲ್ಲಿ ಮುಳ್ಳಾಡಿಸಿದ ಹಾಗೆ ಆಗಿದೆ.

ಮೊದಲು ನಿನಗೆ ನಿನ್ನದೇ ಕೆಲಸ ನೆನಪು ಮಾಡಿಕೊಡುತ್ತೇನೆ. ಬ್ಯಾಂಡಿನವರ ಹನ್ನೊಂದು ಬಿಳಿ ಕೋಟು ಬಂದಿದ್ದವು. ಹನ್ನೊಂದನೆಯದರ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು, ಬೀದಿಯಲ್ಲಿ ನಿಂತ ಗಂಜಿಯ ಜೊತೆ ಹುಡುಗಾಟಕ್ಕೆ ಹೋದವನು ನೀನು. ಕೋಟಿನ ಬೆನ್ನಿಗೆ ಇಸ್ತ್ರಿಯ ಪಾದ ಅಚ್ಚೊತ್ತಿದ ಹಾಗೆ ಮೂಡಿತು. ಬ್ಯಾಂಡ್ ಮಾಸ್ತರರ ಎದುರಿಗೇ ನಿನ್ನಣ್ಣ ಅಂದರು, "ಇಸ್ತ್ರಿ ಇಡು ಕೆಳಗೆ. ನೀನು ನಾಯಿ ಕಾಯೋಕೇ ಲಾಯಕ್ಕು, ಕಜ್ಜಿನಾಯಿ ಥರ ಮನೆ ಮನೆ ಅಲೆದ್ಕೊಂಡಿರು." ತಪ್ಪು ಮಾತು. ನಾನೂ ಒಪ್ಪುತ್ತೇನೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಅಣ್ಣ ಆಡಿದ ಮಾತಿಗೆ ತಮ್ಮ ಹಡಗು ಹತ್ತುವುದು ಯಾವ ಸೀಮೆಯ ನ್ಯಾಯ? ಅದೇ ಸಂಜೆ ಬ್ಯಾಗು ಹೆಗಲಿಗೆ ಹಾಕಿ ನನ್ನ ಕೈಗೆ ಹಗ್ಗ ಕೊಟ್ಟೆ. "ಹದಿನೈದೇ ದಿನ ಅತ್ತಿಗೆ, ಜಾಗ ಗೊತ್ತಾದ್ಮೇಲೆ ಕರ್ಕೊಂಡು ಹೋಗ್ತೀನಿ" ಅಂದೆ. ಹಡಗಿನ ಲಾಂಡ್ರಿಯಲ್ಲಿ ನಾಯಿ ಇಟ್ಟುಕೊಳ್ಳಲು ಬಿಡುತ್ತಾರೆಂದು ನಿನಗೆ ಯಾರು ಹೇಳಿದ್ದರೋ. ನಿನ್ನ ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ನೀನು ಹೋದ ಮೇಲೆ ಗಂಜಿಗೆ ಒಂದು ಹೊಸ ಚಾಳಿ ಹತ್ತಿತು. ದಿನಾ ಸಂಜೆ ಐದಕ್ಕೆ ಅಂಗಡಿಯ ಮೆಟ್ಟಿಲು ಇಳಿದು ಬಸ್ ನಿಲ್ದಾಣಕ್ಕೆ ಹೋಗುತ್ತಿತ್ತು. ನೀನು ಹತ್ತಿ ಹೋದ ಬಸ್ಸಿನ ಜಾಗದಲ್ಲಿ, ಟಿಕೆಟ್ ಕಿಟಕಿಯ ಕೆಳಗೆ, ಕಡೆಯ ಬಸ್ಸು ಬರುವ ತನಕ ಕೂತಿರುತ್ತಿತ್ತು. ಅಲ್ಲಿ ಬೀದಿನಾಯಿಗಳ ಒಂದು ದೊಡ್ಡ ಸಂಸಾರವೇ ಇದೆ. ಅವು ಮೊದಲು ಗುರುಗುಟ್ಟಿದವಂತೆ, ಆಮೇಲೆ ಜಾಗ ಕೊಟ್ಟವಂತೆ, ಆಮೇಲೆ ಮೈಗೆ ಮೈ ತಾಗಿಸಿ ಮಲಗುವಷ್ಟು ಸಲಿಗೆಯಾಯಿತಂತೆ. ಕಟ್ಟಿಹಾಕಿ ಎಂದು ನಾನು ನಿನ್ನಣ್ಣನಿಗೆ ಹತ್ತು ಸಲ ಹೇಳಿದೆ. ಅವರು "ಹೋಗ್ಲಿ ಬಿಡು, ನಾಯಿ ಬಾಲ ಯಾರು ನೆಟ್ಟಗೆ ಮಾಡ್ತಾರೆ" ಎಂದು ಹಗ್ಗ ಬಿಚ್ಚಿ ಬಿಡುತ್ತಿದ್ದರು. ಅವರಿಗೆ ಆ ನಾಯಿ ಕಂಡರೆ ಆಗುವುದಿಲ್ಲ, ಮನೆ ಬಿಟ್ಟು ಹೋದರೆ ಸಾಕೆಂದು ಕಾಯುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಒಳಗೆ ಕಾಲಿಟ್ಟರೆ ಕೋಲು ತೋರಿಸುತ್ತಿದ್ದರು, ನನ್ನ ಕಣ್ಣೆದುರಿಗೆ.

ಈಗ ಕಿವಿಯ ವಿಷಯ. ಸುಮಾರು ಏಳು ವಾರದ ಹಿಂದೆ ಮೊದಲ ಸಲ ಕಣ್ಣಿಗೆ ಬಿತ್ತು. ಎಡಗಿವಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬೂದುಬಣ್ಣದ ನಾಲ್ಕೈದು ಚುಕ್ಕೆ, ಗಟ್ಟಿ, ಒಣಗಿದ್ದು. ನಾನು ಅದನ್ನು ಬಟ್ಟೆಯ ಗಂಜಿ ಎಂದುಕೊಂಡೆ. ನಮ್ಮ ಮನೆಯ ನಾಯಿಯ ಮೈಮೇಲೆ ಒಣಗಿದ ಗಂಜಿ ಯಾವತ್ತು ಇರಲಿಲ್ಲ ಹೇಳು? ಮರಿಯಿದ್ದಾಗ ಗಂಜಿಯ ಬಕೆಟ್ಟಿಗೆ ಬಿದ್ದು ಎದ್ದದ್ದಕ್ಕೇ ಅಲ್ಲವೇ ಆ ಹೆಸರು ಬಂದದ್ದು, ಕಿವಿ ಎರಡೂ ಕಾಲರಿನ ಹಾಗೆ ಸೆಟೆದು ನಿಂತದ್ದು ಅದರಿಂದಲೇ ಎಂದು ನೀನು ಗಿರಾಕಿಗಳಿಗೆಲ್ಲ ಸುಳ್ಳು ಹೇಳುತ್ತಿದ್ದದ್ದು? ಉಗುರಿನಲ್ಲಿ ಕೆರೆದೆ. ಚುಕ್ಕೆಯ ಜೊತೆ ನಾಲ್ಕು ಕೂದಲು ಬುಡಸಮೇತ ಬಂದವು, ಕೆಳಗೆ ಕೆಂಪಗೆ ಒಸರಿತು. ಆಗ ಗೊತ್ತಾಯಿತು, ಇದು ಗಂಜಿಯಲ್ಲ, ಹಕ್ಕಳೆ.

ಅಲ್ಲಿಗೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿದ್ದರೆ ಈ ಪತ್ರದಲ್ಲಿ ನಿನ್ನನ್ನು ಇನ್ನೂ ನಾಲ್ಕು ಮಾತು ಹೆಚ್ಚಿಗೆ ಬೈಯುವ ಹಕ್ಕು ನನಗಿರುತ್ತಿತ್ತು. ಆದರೆ ನಾನು ಈ ಮನೆಯ ಸೊಸೆ, ಕಲೆ ತೆಗೆಯುವುದನ್ನು ನಿನ್ನ ತಾಯಿಯ ಕೈಕೆಳಗೆ ಕಲಿತವಳು. "ಒಣಗಿದ್ದನ್ನ ಕೆರೆ, ಉಳಿದದ್ದನ್ನ ನೆನೆಸು, ಹಟ ಮಾಡಿದ್ದನ್ನ ಉಜ್ಜು" ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಿದ್ದರು. ಈ ಮೂರು ಮಾತಿಗೆ ಮಣಿಯದ ಕಲೆಯನ್ನು ನಾನು ಹತ್ತು ವರ್ಷದಲ್ಲಿ ಕಂಡಿಲ್ಲ. ಕಾಲರಿನ ಮೇಣ ಕೆರೆಯುವ ಮೊಂಡು ಚಾಕುವಿನಿಂದ ಹಕ್ಕಳೆ ಕೆರೆದೆ. ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿದೆ. ಬಾರ್ ಸೋಪಿನಿಂದ ಉಜ್ಜಿದೆ. ಎರಡು ದಿನ ಕಿವಿ ಗುಲಾಬಿಯಾಗಿ ಹೊಳೆಯಿತು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೂರನೆಯ ದಿನ ನಾಲ್ಕಿದ್ದದ್ದು ಹದಿನಾಲ್ಕಾಯಿತು, ಬಲಗಿವಿಗೂ ಬಂತು. ಮತ್ತೆ ಕೆರೆದೆ. ಹಕ್ಕಳೆಯ ಬಣ್ಣ ತುಕ್ಕಿನ ಹಾಗಿದೆ ಎಂದು ಕೊನೆಗೆ ತುಕ್ಕಿನ ಕಲೆಗೆ ಹಾಕುವ ವಿನೆಗರ್ ತಂದು ಹಚ್ಚಿದೆ. ಗಂಜಿ ಕೂಗಿದ ಕೂಗಿಗೆ ದರ್ಜಿ ಅಳತೆ ಟೇಪು ಕುತ್ತಿಗೆಯಲ್ಲೇ ಹಾಕಿಕೊಂಡು ಓಡಿ ಬಂದ. ನಿನಗೆ ಅವನು ಬರೆದದ್ದು ಆ ಕೂಗು. ಮುಂದೆ ಏನಾಯಿತೆಂದರೆ, ನಾನು ಕೋಣೆಗೆ ಬಂದರೆ ಸಾಕು, ಗಂಜಿ ಇಸ್ತ್ರಿ ಮೇಜಿನ ಕೆಳಗೆ ನುಸುಳಿ ಗೋಡೆಗೆ ಒತ್ತಿಕೊಂಡು ಮಲಗುತ್ತಿತ್ತು. ನನ್ನ ಕೈ ಕಂಡು ಬಾಲ ಆಡಿಸುತ್ತಿದ್ದ ನಾಯಿ. ಇಲ್ಲಿಗೆ ನನ್ನ ತಪ್ಪೊಪ್ಪಿಗೆ ಮುಗಿಯಿತು, ಇನ್ನು ಮುಂದೆ ನಿಮ್ಮಿಬ್ಬರ ಸರದಿ.

ಆ ಹೊತ್ತಿಗೆ ಕಿವಿಯ ಅಂಚಿನ ಕೂದಲು ಉದುರಿ ಚರ್ಮ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪಗಾಗಿತ್ತು. ಮೊಣಕೈಗೂ ಹಕ್ಕಳೆ ಇಳಿದಿತ್ತು. ಹಿಂಗಾಲಿನಲ್ಲಿ ಕೆರೆದುಕೊಳ್ಳುವುದು, ತಲೆ ಕೊಡವುವುದು, ಮತ್ತೆ ಕೆರೆದುಕೊಳ್ಳುವುದು. ತಲೆ ಕೊಡವಿದಾಗ ಕಿವಿ ಕೆನ್ನೆಗೆ ಬಡಿದು ಪಟಪಟ ಸದ್ದು ಬರುತ್ತಿತ್ತು, ಒದ್ದೆ ಟವೆಲ್ಲು ಝಾಡಿಸಿದ ಸದ್ದು. ಒಂದು ಬೆಳಗ್ಗೆ ನೋಡಿದರೆ ಎಡಗಿವಿ ಹತ್ತಿ ತುಂಬಿದ ದಿಂಬಿನ ಹಾಗೆ ಊದಿಕೊಂಡು ಜೋತು ಬಿದ್ದಿದೆ. ಅನ್ನ ಮೂಸಲಿಲ್ಲ. ಅದೇ ದಿನ ಅಂಚೆಯವನು ನಿನ್ನ ಪತ್ರ ತಂದ. ನಾನು ನಿಂತಲ್ಲೇ ಓದಿ, ಹರಿಯಲು ಹೋಗಿ, ಹರಿಯದೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಿಜ ಹೇಳುತ್ತೇನೆ, ನಾನು ಪಶುವೈದ್ಯರ ಹತ್ತಿರ ಹೋದದ್ದು ನಾಯಿಗಾಗಿ ಅಲ್ಲ. ಇದರಲ್ಲಿ ಈ ಹೆಂಗಸಿನ ತಪ್ಪೇನೂ ಇಲ್ಲ ಎಂದು ಅವರ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು, ಅದನ್ನು ನಿನ್ನ ಹಡಗಿಗೆ ಕಳಿಸಿ, ನಿನ್ನ ಮುಖಕ್ಕೆ ಹೊಡೆದ ಹಾಗೆ ಮಾಡಬೇಕೆಂದು. ನಾಯಿ ನನ್ನ ಜೊತೆ ಬರಲು ಒಪ್ಪಲಿಲ್ಲ. ನಿನ್ನಣ್ಣ ಎತ್ತಿಕೊಂಡರು. ಅದು ಅವರ ಹೆಗಲಿಗೆ ತಲೆ ಇಟ್ಟಿತು. ಆಗಲೇ ನನಗೆ ಏನೋ ಹೊಳೆಯಬೇಕಿತ್ತು.

ಡಾಕ್ಟರಮ್ಮ ಗಿಡ್ಡ ಹೆಂಗಸು, ಮಾತು ಮಾತ್ರ ನನಗಿಂತ ಒಂದು ಗೇಣು ಉದ್ದ. ಅವರ ಕೋಣೆಯಲ್ಲಿ ಒಂದು ಸ್ಟೀಲ್ ಮೇಜು, ಒಂದು ತೂಕದ ಯಂತ್ರ, ಗೋಡೆಗೆ ನಾಯಿಯ ಒಳಾಂಗದ ಚಿತ್ರ, ಕಿಟಕಿಯಲ್ಲಿ ಸರಿಯಾಗಿ ಒಗೆಯದ ಒಂದು ಪರದೆ. ಎಷ್ಟು ದಿನವಾಯಿತು, ಏನು ಹಚ್ಚಿದ್ದೀರಿ ಎಂದು ಕೇಳಿದರು. ಏನೂ ಇಲ್ಲ ಅಂದೆ. ಕಿವಿಗೆ ಮೂಗು ಹತ್ತಿರ ತಂದು, "ವಿನೆಗರ್ ತಾನಾಗೇ ನಡ್ಕೊಂಡು ಬಂತಾ?" ಅಂದರು. ಎಲ್ಲವನ್ನೂ ಹೇಳಿಬಿಟ್ಟೆ, ಅತ್ತೆಯ ಮೂರು ಮಾತನ್ನೂ ಬಿಡದೆ. ಅವರು ನಗಲಿಲ್ಲ. "ಕಲೆ ಬಟ್ಟೆ ಮೇಲೆ ಕೂತಿರುತ್ತೆ ಕಣಮ್ಮ, ಹಕ್ಕಳೆ ಗಾಯಕ್ಕೆ ಮುಚ್ಚಳ. ಅಡಿಯಲ್ಲಿ ಹೊಸ ಚರ್ಮ ಬೇಯ್ತಾ ಇರುತ್ತೆ. ನೀವು ದಿನಾ ಮುಚ್ಚಳ ತೆಗೆದು ನೋಡಿದ್ದೀರಿ" ಅಂದರು. ಅನ್ನ ಮಾಡಿದ ಯಾರಿಗೂ ಅರ್ಥವಾಗುವ ಮಾತು, ನನಗೆ ಮಾತ್ರ ಒಂದು ತಿಂಗಳು ತಡವಾಗಿ ಅರ್ಥವಾಯಿತು.

ಆಮೇಲೆ ಅವರು ಕಿವಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರು. ಗಂಜಿಯ ಹಿಂಗಾಲು ತಾನಾಗಿ ಎದ್ದು ಗಾಳಿಯಲ್ಲಿ ಕೆರೆಯತೊಡಗಿತು, ಉಜ್ಜುವುದು ನಿಲ್ಲಿಸಿದರೆ ಕಾಲೂ ನಿಂತಿತು. ಇದು ನೊಣ ಕಚ್ಚಿದ ಹಕ್ಕಳೆಯಲ್ಲ, ನುಸಿಯ ಹಾಗೆ ಕಾಣುತ್ತದೆ ಅಂದರು. ಬ್ಲೇಡಿನಲ್ಲಿ ಚರ್ಮದ ಮೇಲ್ಪದರ ಕೆರೆದು ಗಾಜಿಗೆ ಹಚ್ಚಿ, ಮೈಕ್ರೊಸ್ಕೋಪಿನಲ್ಲಿ ನನಗೂ ತೋರಿಸಿದರು. ಗುಂಡಗೆ, ಮೋಟುಕಾಲಿನ ಒಂದು ಪ್ರಾಣಿ, ಅಂಗಿಯ ಗುಂಡಿಗೆ ಕಾಲು ಬಂದ ಹಾಗೆ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಚರ್ಮದೊಳಗೆ ಬಿಲ ತೋಡುತ್ತದಂತೆ, ಒಂದು ನಾಯಿಯ ಮೈಯಿಂದ ಇನ್ನೊಂದಕ್ಕೆ ದಾಟುತ್ತದಂತೆ. ಬೀದಿನಾಯಿಗಳ ಜೊತೆ ಮಲಗುತ್ತದೆಯೇ ಎಂದು ಕೇಳಿದರು. ಬಸ್ ನಿಲ್ದಾಣದ ಕಥೆ ಹೇಳಿದೆ. ಈಗ ನೀನು ಹೇಳು ಮೈದುನ. ನಿನ್ನನ್ನು ಕಾಯಲು ಹೋಗಿ ಅದು ಈ ರೋಗ ತಂದುಕೊಂಡಿತು. ಬಾಯಿಲ್ಲದ ಪ್ರಾಣಿಯ ಮೇಲೆ ಸಿಟ್ಟು ತೀರಿಸಿಕೊಂಡದ್ದು ಯಾರು?

ಊದಿದ ಕಿವಿಯ ಕಥೆ ಬೇರೆ. ತಲೆ ಕೊಡವಿ ಕೊಡವಿ ಕಿವಿಯೊಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ತುಂಬಿತ್ತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸೀಳಿ, ರಕ್ತ ತೆಗೆದು ಹೊಲಿದರು. ನುಸಿಗೆಂದು ಮದ್ದಿನ ಮೊದಲ ಡೋಸು ಕೊಟ್ಟರು. ನಾನು ಕೆರೆದ ಗಾಯಗಳಲ್ಲಿ ಕೀವು ಕಟ್ಟಿತ್ತು, ಅದಕ್ಕೆ ಬೇರೆ ಮಾತ್ರೆ. ಹೊಲಿಗೆ ಹಾಕುತ್ತಲೇ ನನಗೆ ಪಾಠ ಮಾಡಿದರು, ನಿನಗೂ ಹೇಳುತ್ತೇನೆ, ಮುಂದೆ ಎಂದಾದರೂ ನಾಯಿ ಕಟ್ಟಿಕೊಂಡರೆ ಬೇಕಾಗುತ್ತದೆ. ಆಟದಲ್ಲಿ ಪರಚಿಕೊಂಡೋ ನೊಣ ಕಚ್ಚಿಯೋ ಒಂದೆರಡು ಹಕ್ಕಳೆ ಆದರೆ ಮುಟ್ಟದೆ ನಾಲ್ಕು ದಿನ ನೋಡಬಹುದು, ತಾನೇ ಉದುರುತ್ತದೆ. ಅಷ್ಟರಲ್ಲಿ ಉದುರದಿದ್ದರೆ, ಹರಡಿದರೆ, ಎರಡೂ ಕಿವಿಗೆ ಬಂದರೆ, ಕೂದಲು ಹೋದರೆ ತೋರಿಸಬೇಕು. ವಾಸನೆ ಬಂದರೆ, ಕೀವು ಕಂಡರೆ, ತಲೆ ಒಂದೇ ಕಡೆಗೆ ವಾಲಿಸಿ ನಡೆದರೆ, ಕಿವಿ ಊದಿದರೆ, ಅನ್ನ ಬಿಟ್ಟರೆ ಅದೇ ದಿನ ಬರಬೇಕು. ಮನುಷ್ಯರ ಮುಲಾಮು ಹಚ್ಚಬಾರದು, ಕಿವಿಯೊಳಗೆ ಹತ್ತಿಕಡ್ಡಿ ತುರುಕಬಾರದು. "ಲಾಂಡ್ರಿಯಲ್ಲಿರೋದು ಯಾವುದನ್ನೂ ಹಚ್ಚಬಾರದು" ಎಂದು ಕೊನೆಯದನ್ನು ನನ್ನ ಮುಖ ನೋಡಿಯೇ ಸೇರಿಸಿದರು.

ಇನ್ನು ಕೇಳು. ಕೈ ತೊಳೆದುಕೊಳ್ಳುತ್ತ ಡಾಕ್ಟರಮ್ಮ ಕೇಳಿದರು, "ಮನೇಲಿ ಯಾರಿಗೆ ತುರಿಕೆ ಇದೆ? ಇದನ್ನ ಪಕ್ಕದಲ್ಲಿ ಮಲಗಿಸ್ಕೊಳ್ಳೋರು ಯಾರು?" ನಾನು ತಲೆ ಎತ್ತಿ ಹೇಳಿದೆ, "ನಮ್ಮನೇಲಿ ಇದನ್ನ ಯಾರೂ ಮುಟ್ಟಲ್ಲ ಡಾಕ್ಟ್ರೇ." ಅವರು ನನ್ನ ಕಡೆ ನೋಡಲಿಲ್ಲ, ನಿನ್ನಣ್ಣನ ಕಡೆ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ಅವತ್ತು ನಾನು ಕಣ್ಣಾರೆ ಕಂಡೆ, ನಿನ್ನಣ್ಣನ ಬಲಗೈ ತಾನಾಗಿ ಹೋಗಿ ಎಡಗೈಯ ತೋಳು ಮುಚ್ಚಿತು. ಬಾಯ್ಲರ್ ಪಕ್ಕ ನಿಲ್ಲುವ ಮನುಷ್ಯ ಈ ಬಿಸಿಲಿನಲ್ಲಿ ತಿಂಗಳಿನಿಂದ ತುಂಬುತೋಳಿನ ಅಂಗಿ ಯಾಕೆ ಹಾಕುತ್ತಾರೆಂದು ನಾನು ಒಂದು ದಿನವೂ ಕೇಳಿರಲಿಲ್ಲ. "ಯಜಮಾನ್ರೇ, ಗುಂಡಿ ಬಿಚ್ಚಿ" ಅಂದರು. ಮಣಿಕಟ್ಟಿನಿಂದ ಮೊಣಕೈ ತನಕ ಕೆಂಪು ಗುಳ್ಳೆ. ಅಂಗಿ ಎತ್ತಿಸಿದರು, ಹೊಟ್ಟೆಯ ಮೇಲೂ ಅದೇ. ಅಪ್ಪಿಕೊಂಡು ಮಲಗುವವರಿಗೆ ಸರಿಯಾಗಿ ಅಲ್ಲಲ್ಲೇ ಬರುತ್ತದಂತೆ. ನಾಯಿಯ ನುಸಿ ಮನುಷ್ಯರ ಮೈಯಲ್ಲಿ ಸಂಸಾರ ಹೂಡುವುದಿಲ್ಲ, ನಾಯಿಗೆ ವಾಸಿಯಾದರೆ ಇವರಿಗೂ ಇಳಿಯುತ್ತದೆ, ಆದರೂ ಮನುಷ್ಯರ ಡಾಕ್ಟರಿಗೆ ತೋರಿಸಿ ಎಂದರು. ನಾನು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮಧ್ಯಾಹ್ನ ಎರಡನೆಯ ಒಗೆತಕ್ಕೂ ಇಸ್ತ್ರಿಗೂ ನಡುವೆ ಒಂದು ತಾಸು, ಯಾರೂ ಒಯ್ಯದೆ ಬಿಟ್ಟ ಬಟ್ಟೆ ಇಡುವ ಕೋಣೆಗೆ ನಿನ್ನಣ್ಣ ಹೋಗುತ್ತಾರಲ್ಲ, ಬಟ್ಟೆ ಜೋಡಿಸುತ್ತೇನೆ ಎಂದು, ಆ ಒಂದು ತಾಸು. ನೀನು ಹೋದ ಮಾರನೆಯ ದಿನದಿಂದ, ಒಂದು ದಿನವೂ ತಪ್ಪದೆ, ಅಲ್ಲಿ ಗಂಜಿಯನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗುತ್ತಿದ್ದರು. ಇದನ್ನು ಅವರು ಹೇಳಿದ್ದು ನನಗಲ್ಲ, ಡಾಕ್ಟರಮ್ಮನಿಗೆ. "ಒಂದೇ ಮಲಗಲ್ಲ ಅದು. ಅವನ ಜೊತೆ ಮಲಗಿ ರೂಢಿ." ನಿನ್ನ ಹೆಸರು ಎತ್ತಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ ಮನುಷ್ಯ, ಹೊರಗೆ ಕೋಲು ತೋರಿಸಿ ಒಳಗೆ ತೋಳು ಕೊಟ್ಟ ಮನುಷ್ಯ. ಸಿಟ್ಟು ನೆತ್ತಿಗೇರಿತು ನನಗೆ. ಮೈ ತುರಿಸುತ್ತಿದೆ ಎಂದು ಅವರು ಒಂದು ಮಾತು ಬಾಯಿಬಿಟ್ಟಿದ್ದರೆ ಇಬ್ಬರನ್ನೂ ಒಟ್ಟಿಗೆ ಅಂದೇ ಕರೆದುಕೊಂಡು ಹೋಗುತ್ತಿದ್ದೆ, ಕಿವಿ ಸೀಳುವ ತನಕ ಬರುತ್ತಿರಲಿಲ್ಲ. ಹೇಳಲಿಲ್ಲ, ಹೇಳಿದರೆ ತಮ್ಮನ ನಾಯಿಯನ್ನು ಮುಟ್ಟಿದ್ದು ಗೊತ್ತಾಗುತ್ತದಲ್ಲ. ನೀನೂ ಬರೆಯಲಿಲ್ಲ, ಬರೆದರೆ ಮೊದಲು ಸೋತವನು ನೀನಾಗುತ್ತೀಯಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಇಲ್ಲಿ ಅಣ್ಣ ತಮ್ಮಂದಿರ ಮೌನದಲ್ಲಿ ನಾಯಿ ಬಡವಾಯಿತು. ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು. ನಿಮ್ಮನ್ನು ಹೆತ್ತ ತಾಯಿಗೆ ಸ್ವರ್ಗದಲ್ಲಾದರೂ ನೆಮ್ಮದಿ ಇದೆಯೋ ಇಲ್ಲವೋ.

ನಾಯಿ ಮಲಗಿದ, ಒರಗಿದ, ಉಜ್ಜಿಕೊಂಡ ಎಲ್ಲ ಬಟ್ಟೆಯನ್ನೂ ಕುದಿಯುವ ನೀರಿಗೆ ಹಾಕಬೇಕು ಎಂದಿದ್ದರು. ನಾಲ್ಕು ದಿನ ಅಂಗಡಿ ಮುಚ್ಚಿದೆವು. ಗಿರಾಕಿಗಳ ಗಂಟುಗಳನ್ನೆಲ್ಲ ಬಾಯ್ಲರಿಗೆ ಹಾಕಿದೆವು. ಕಾರಣ ಮುಚ್ಚಿಡಲು ನನಗೆ ಮನಸ್ಸಿರಲಿಲ್ಲ, ದರ್ಜಿಯನ್ನು ಕರೆದು ನಾನೇ ಹೇಳಿದೆ, ಡಂಗುರ ಹೊಡೆಯುವ ಕೆಲಸ ಅವನಿಗೆ ಒಪ್ಪಿಸಿದೆ. ಎರಡು ಮನೆಯವರು ಬಟ್ಟೆ ಕೊಡುವುದು ಬಿಟ್ಟರು, ಬಿಡಲಿ. ಹದಿನೈದು ದಿನಕ್ಕೆ ಎರಡನೆಯ ಡೋಸು ಕೊಡಿಸಲು ಹೋದೆವು. ಹೊಲಿಗೆ ಕೂಡಿತ್ತು, ಕೀವು ಆರಿತ್ತು, ಆದರೆ ಅಂಚಿನಲ್ಲಿ ಹೊಸದಾಗಿ ನಾಲ್ಕು ಹಕ್ಕಳೆ. ಡಾಕ್ಟರಮ್ಮ ಕೇಳಿದರು, "ಎಲ್ಲ ಹಾಸಿಗೆ ಕುದಿಸಿದ್ರಾ?" ನಾನು ಸ್ವಲ್ಪ ಜಂಭದಲ್ಲೇ ಅಂದೆ, "ಕುದಿಸೋದೇ ನಮ್ಮ ಹೊಟ್ಟೆಪಾಡು, ಅದನ್ನ ನಮಗೆ ಹೇಳಬೇಕಾ?" ನಿನ್ನಣ್ಣ ಗೋಡೆಯ ಚಿತ್ರದಲ್ಲಿನ ನಾಯಿಯ ಕರುಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆ ನೋಟ ನನಗೆ ಈಗ ಪರಿಚಯ.

ಮನೆಗೆ ಬಂದು ಬಿಟ್ಟ ಬಟ್ಟೆಗಳ ಕೋಣೆಯನ್ನು ತಲೆಕೆಳಗು ಮಾಡಿದೆ. ತಗಡಿನ ಟ್ರಂಕಿನ ಹಿಂದೆ ಸಿಕ್ಕಿತು, ನಿನ್ನ ಹೊದಿಕೆ. ಬೂದು ಬಣ್ಣದ್ದು, ಅಂಚಿಗೆ ನೀನೇ ಹಾಕಿದ ಡೊಂಕು ಹೊಲಿಗೆಯದ್ದು. ನೀನು ಹೊರಟ ದಿನ ಬೆಳಗ್ಗೆ ಹೊದ್ದು ಎದ್ದದ್ದು ಹೇಗಿತ್ತೋ ಹಾಗೇ. ಊರಿನ ಕೊಳೆಯೆಲ್ಲ ತೊಳೆಯುವ ಈ ಅಂಗಡಿಯಲ್ಲಿ ಅದೊಂದು ಐದು ತಿಂಗಳಿಂದ ನೀರು ಕಂಡಿರಲಿಲ್ಲ. ಮಧ್ಯಾಹ್ನದ ಒಂದು ತಾಸಿಗೆ ಅದು ಹೊರಗೆ ಬರುತ್ತಿತ್ತು, ಮತ್ತೆ ಟ್ರಂಕಿನ ಹಿಂದೆ. ನಾನು ಅದನ್ನು ಎಳೆದುಕೊಂಡು ಹೊರಟರೆ ನಿನ್ನಣ್ಣ ಇನ್ನೊಂದು ತುದಿ ಹಿಡಿದರು. ಒಗೆಯುವುದನ್ನೇ ಉಸಿರು ಮಾಡಿಕೊಂಡ ಮನುಷ್ಯ ಒಂದು ಹೊದಿಕೆಯನ್ನು ಒಗೆಯಬೇಡ ಎಂದು ನನ್ನ ಜೊತೆ ಜಗ್ಗಾಡಿದರು. "ಅದನ್ನ ತೊಳೆದ್ರೆ ಏನೂ ಉಳಿಯಲ್ಲ ಕಣೇ" ಅಂದರು, ಮತ್ತೆ ತಾವೇ ಕೈ ಬಿಟ್ಟರು. ನಾನು ಕುದಿಸಿದೆ. ಕುದಿಸದೆ ಬೇರೆ ದಾರಿ ಇರಲಿಲ್ಲ. ಒಣಗಿಸಿ ಮಡಿಸಿ ತಂದು ಕೊಟ್ಟೆ, ಅಂಗಡಿಯಲ್ಲಿ ಇದುವರೆಗೆ ಅಷ್ಟು ಚೊಕ್ಕವಾಗಿ ಒಗೆದ ಹೊದಿಕೆ ಇನ್ನೊಂದಿಲ್ಲ.

ಇಷ್ಟೇ ಸುದ್ದಿ. ಡಾಕ್ಟರಮ್ಮ ಚೀಟಿ ಬರೆದುಕೊಡಲಿಲ್ಲ, ನಾನು ಕೇಳಲೂ ಇಲ್ಲ, ಆದ್ದರಿಂದ ನಿನ್ನ ಮುಖಕ್ಕೆ ಹೊಡೆಯಲು ನನ್ನ ಹತ್ತಿರ ಈ ಕಾಗದ ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಎರಡು ಸಾಲಿಗೆ ಇಷ್ಟು ಪುಟ ಉತ್ತರ ಬರೆದಿದ್ದೇನೆ. ದರ್ಜಿ ತನ್ನ ನಮಸ್ಕಾರ ತಿಳಿಸಲು ಹೇಳಿದ್ದಾನೆ, ನಾನು ತಿಳಿಸುವುದಿಲ್ಲ. ನಿನ್ನಣ್ಣ ಏನೂ ಹೇಳಿಲ್ಲ, ಆದರೆ ನಾನು ಬರೆಯುತ್ತ ಕೂತಾಗ ಮೂರು ಸಲ ಬಂದು ಶಾಯಿ ಇದೆಯೇ ಎಂದು ವಿಚಾರಿಸಿ ಹೋದರು. ನೂರು ಕಾಲ ಬಾಳು, ಬಾಳುವಾಗ ಸ್ವಲ್ಪ ತಿಳಿವಳಿಕೆಯಿಂದಲೂ ಬಾಳು.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅತ್ತಿಗೆ

ಮರೆತಿದ್ದೆ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊದಿಕೆ ಕುದಿಸಿ ಇವತ್ತಿಗೆ ಐದು ದಿನ. ಗಂಜಿ ಅದನ್ನು ಮೂಲೆಯಿಂದ ಮೂಲೆಗೆ ಮೂಸಿ ನೋಡಿ, ಅದರ ಮೇಲೆ ಮಲಗದೆ ಹೊರಟುಹೋಯಿತು. ಆಮೇಲೆ, ನಾನು ನೋಡುತ್ತಿಲ್ಲ ಎಂದುಕೊಂಡು, ನಿನ್ನಣ್ಣ ಮೂಸಿದರು. ಅಂದಿನಿಂದ ನಾಯಿ ಅರ್ಧ ಹೊಟ್ಟೆ ಉಣ್ಣುತ್ತಿದೆ, ಅದೂ ಅವರು ಕೈಯಲ್ಲಿ ಕೊಟ್ಟರೆ. ಹೀಗೆ ಸೊರಗಿದರೆ ಮದ್ದು ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಎಡಗಿವಿ ಇನ್ನು ನಿಲ್ಲುವುದಿಲ್ಲವಂತೆ, ಹೀಗೇ ಜೋತು ಬಿದ್ದಿರುತ್ತದಂತೆ, ಕಂಡಾಗ ಗಾಬರಿಯಾಗಬೇಡ. ನೀನು ಹಾಕಿಕೊಂಡ ಒಂದು ಅಂಗಿ ಬೇಕು, ಬೆವರಿನದ್ದು, ಕೊಳೆಯದ್ದು. ಹಡಗಿನ ಲಾಂಡ್ರಿಯಲ್ಲಿ ಒಗೆದು ಗಿಗೆದು ಕಳಿಸಿ ನಿನ್ನ ಜಾಣತನ ತೋರಿಸಬೇಡ. ಇಪ್ಪತ್ತೆಂಟಕ್ಕೆ ಹಡಗು ಬಂದರಿನಲ್ಲಿ ನಿಲ್ಲುತ್ತದಲ್ಲ, ಅಲ್ಲಿಂದ ಬಸ್ಸಿಗೆ ನಾಲ್ಕೇ ತಾಸು. ಅಂಗಿಯ ಒಳಗೆ ನೀನೂ ಇದ್ದರೆ ಈ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಗಂಜಿಯನ್ನು ಈಗ ಬಸ್ ನಿಲ್ದಾಣಕ್ಕೆ ಬಿಡುತ್ತಿಲ್ಲ. ಐದು ಗಂಟೆಗೆ ನಿನ್ನಣ್ಣನೇ ಹೋಗಿ ಕೂತು ಬರುತ್ತಿದ್ದಾರೆ.